ದಿನಗಳಲ್ಲಿ ನಮೂದಿಸುವುದು

ಕಾಲಂ ಹನ್ನೊಂದು: ಭಾಗವಹಿಸಿದ ಯುದ್ಧದ ಹೆಸರು.
ಹವಾಲ್ದಾರ್ ಹುಚ್ರಾಯಪ್ಪ ಅಲ್ಲಿ ಬರೀ ಗೆರೆ ಎಳೆದಿದ್ದರು,
ಪಂಕ್ಚರ್ ಅಂಗಡಿಯ ಗ್ರೀಸ್ ಮೆತ್ತಿದ ಗೆರೆ.

"ಹೀಗೆ ಬಿಟ್ಟರೆ ಸೈಟಿನ ಅರ್ಜಿ ವಾಪಸ್ ಬರುತ್ತೆ" ಅಂದೆ.
"ಯುದ್ಧಕ್ಕೆ ನಾನು ಹೋಗೇ ಇಲ್ವಲ್ಲ ಮೇಡಂ" ಅಂದರು,
ಬಲಗಿವಿಯನ್ನು ನನ್ನ ಮೇಜಿನ ಕಡೆ ತಿರುಗಿಸುತ್ತ.

ಶಿವಮೊಗ್ಗದ ನಮ್ಮ ಸೈನಿಕ ಕಲ್ಯಾಣ ಕಚೇರಿಯಲ್ಲಿ
ಎರಡೇ ಫ್ಯಾನು. ಒಂದು ಸಾಹೇಬರದು.
ನನ್ನದು ಕಾಗದ ಹಾರಿಸುವುದಕ್ಕಷ್ಟೇ ತಿರುಗುತ್ತದೆ.
ಅದಕ್ಕೇ ಅವರು ಕರ್ಚೀಫಿನ ಗಂಟು ಬಿಚ್ಚಿ
ಶೌರ್ಯ ಚಕ್ರವನ್ನು ಅರ್ಜಿಯ ಮೇಲಿಟ್ಟರು, ಭಾರಕ್ಕೆ.
ಕಂಚು. ಹಸಿರು ಪಟ್ಟಿಯಲ್ಲಿ ಮೂರು ಕೇಸರಿ ಗೆರೆ.
ಒಂದು ಮೂಲೆ ಇಲಿ ಕಡಿದದ್ದು.

ಇಂಗ್ಲಿಷಿನ ಪ್ರಶಸ್ತಿ ಪತ್ರವನ್ನು ಕನ್ನಡ ಮಾಡುವುದು ನನ್ನ ಕೆಲಸ.
'ಶತ್ರುವಿನ ಎದುರಿನಲ್ಲಲ್ಲದ ಶೌರ್ಯ' ಎಂದು ಬರೆದೆ,
ನಾಲಿಗೆ ತೊಡರಿತು, ಹೊಡೆದು ಹಾಕಿದೆ.
'ಶತ್ರುವಿಲ್ಲದ ಕಡೆ ತೋರಿದ ಶೌರ್ಯ'
ಇದು ಬೈದ ಹಾಗೆ ಕೇಳಿಸಿತು.
ನಮ್ಮ ಬೀದಿಯ ಗಂಡಸರೆಲ್ಲ ಶೂರರಾಗುವುದು ಅಲ್ಲೇ ತಾನೆ.

"ಆಗಿದ್ದೇನು, ನೀವೇ ಹೇಳಿ."
ಹೇಳಲಿಲ್ಲ. ಮಾಡಿ ತೋರಿಸಿದರು.
ನನ್ನ ಸ್ಟೇಪ್ಲರ್ ಎತ್ತಿಕೊಂಡು: ಇದು ಗ್ರೆನೇಡು.
ಅಂಟಿನ ಬಾಟ್ಲಿ: ಇವನು ಪುಷ್ಕರ್, ಪಿಥೋರಾಗಢದವ,
ಹತ್ತೊಂಬತ್ತು ವರ್ಷ, ಅಂಗೈ ಬೆವರುವ ಜಾತಿ.
ಮೇಜಿನ ಕ್ಯಾಲೆಂಡರು ಮರಳುಮೂಟೆಯ ಗೋಡೆ.
ಪಿನ್ನು ಎಳೆದ. ಎಸೀಬೇಕು. ಜಾರಿತು.

ಸ್ಟೇಪ್ಲರ್ ಬಿದ್ದ ಸದ್ದಿಗೆ
ಪಕ್ಕದ ಮೇಜಿನ ಸರ್ವಮಂಗಳಮ್ಮ ತಲೆಯೆತ್ತಿದರು.
ಎರಡೇ ಬೆರಳುಳಿದ ಎಡಗೈಯಲ್ಲಿ
ಅದನ್ನು ನನ್ನ ಕಸದ ಬುಟ್ಟಿಗೆ ತಳ್ಳಿ
ಬಾಟ್ಲಿಯ ಮೇಲೆ ಬಲಗೈ ಕವುಚಿದರು.
ಹಾಗೇ ಇದ್ದರು
ಫ್ಯಾನು ಎಷ್ಟೋ ಸುತ್ತು ತಿರುಗುವ ತನಕ.

"ಪಿನ್ನು ತೆಗೆದ ಮೇಲೆ ನಾಲ್ಕು ಸೆಕೆಂಡು. ಅಷ್ಟೇ."

ಸವಳಂಗ ರಸ್ತೆಯ ಇವರ ಅಂಗಡಿಯಲ್ಲಿ
ಟ್ಯೂಬು ಸಿಡಿದರೆ ಗಿರಾಕಿಗಳು ಹಾರಿಬೀಳುತ್ತಾರೆ.
ಇವರು ಹೊಸ ಟ್ಯೂಬಿನ ರೇಟು ಹೇಳುತ್ತಾರೆ.

ಪ್ರತಿ ಅಕ್ಟೋಬರ್ ಹದಿನಾಲ್ಕಕ್ಕೆ ಪುಷ್ಕರನ ಫೋನು.
ಅವನಿಗೆ ಬರುವ ಕನ್ನಡ ಒಂದೇ ಮಾತು,
ಇವರೇ ಲಂಗರಿನ ಸಾಲಿನಲ್ಲಿ ಕಲಿಸಿದ್ದು:
ಊಟ ಆಯ್ತಾ?
ಆಯ್ತು.
ಆಮೇಲೆ ಇಬ್ಬರೂ ಸುಮ್ಮನಿರುತ್ತಾರೆ. ಇಡುವುದಿಲ್ಲ.
ಕಳೆದ ಸಲ ಒಂದು ಹೆಣ್ಣುಮಗು ಅದೇ ಮಾತು ಕೇಳಿತಂತೆ.
"ಕೈಯಲ್ಲಿ ಟಯರಿತ್ತು, ಫೋನನ್ನ ಎಡಗಿವಿಗೆ ಸಿಕ್ಕಿಸ್ಕೊಂಡಿದ್ದೆ,
ತಿರುಗಿಸಿ ಹಿಡಿದು ಇನ್ನೊಂದ್ಸಲ ಹೇಳಿಸಿದೆ" ಅಂದರು.
ಪದಕವನ್ನು ಕರ್ಚೀಫಿಗೆ ಕಟ್ಟಿಕೊಂಡು ಹೋದರು.
ಕಾಗದ ಹಾರಿತು.

ಹನ್ನೊಂದರಲ್ಲಿ 'ತರಬೇತಿ ಮೈದಾನ, ನಾಸಿಕ' ಎಂದು ಬರೆದೆ.
ಹನ್ನೆರಡರಲ್ಲಿ, ಯುದ್ಧದ ಅವಧಿ: 'ನಾಲ್ಕು ಸೆಕೆಂಡು'.

ಮೂರು ವಾರಕ್ಕೆ ಕಡತ ಹಿಂದಿರುಗಿತು,
ಕೆಂಪು ಶಾಯಿಯ ಷರಾ ಹೊತ್ತು:
ಅವಧಿಯನ್ನು ದಿನಗಳಲ್ಲಿ ನಮೂದಿಸುವುದು.

ಸಂಜೆ. ಸರ್ವಮಂಗಳಮ್ಮ ಬೀಗ ಹಿಡಿದು ನಿಂತಿದ್ದರು.
"ಸೊನ್ನೆ ಹಾಕಿ ಬಾರೇ, ಬಸ್ಸು ಹೋಗುತ್ತೆ."
ನಾನು ಮರಳುಮೂಟೆಯನ್ನು ಹತ್ತಿರ ಎಳೆದುಕೊಂಡು
ಆ ಅಕ್ಟೋಬರಿನಿಂದ ಇವತ್ತಿನವರೆಗೆ ಎಣಿಸಿದೆ,
ಫೆಬ್ರವರಿಯ ಹೆಚ್ಚುವರಿ ದಿನಗಳನ್ನೂ ಬಿಡದೆ,
ಒಬ್ಬ ಎದ್ದು, ಹಲ್ಲುಜ್ಜಿ,
ಚಹಾ ಬಿಸಿಯಾಗಿಲ್ಲವೆಂದು ರೇಗಿದ ಬೆಳಗುಗಳನ್ನೂ.
ಎರಡು ಸಲ ತಪ್ಪಿತು.

೮೧೬೭.

ಮತ್ತೆ ವಾಪಸ್ ಬರುತ್ತದೆ, ಗೊತ್ತು.
ಪೆನ್ಸಿಲ್ಲಿನಲ್ಲೇ ಬರೆದಿದ್ದೇನೆ.
ನಾಳೆ ತಿದ್ದಬೇಕು.